ಕಂಬದ ಮೇಲಿನ ಸುರುಳಿ

ಹನ್ನೊಂದೂವರೆಗೆ ಕೋರ್ಟು. ಗಂಟೆ ಹತ್ತೂಮುಕ್ಕಾಲು. ಗೋಡೆಗೆ ಹೊಡೆದಿದ್ದ ಇಂಟರ್‌ನೆಟ್ಟಿನ ಪುಟ್ಟ ಬಿಳಿ ಡಬ್ಬಿಯಲ್ಲಿ ಕೆಂಪು ದೀಪ ಮಿಣುಕುತ್ತಿತ್ತು.

ಅದು ಹಸಿರಾಗಿರಬೇಕಿತ್ತು. ಹಸಿರಾಗಿದ್ದರೆ ನನ್ನ ತಮ್ಮನ ಮಗಳು ಪವಿತ್ರ ಮೊಬೈಲನ್ನು ಕಿಟಕಿಗೆ ಒರಗಿಸಿಕೊಂಡು, ಕೂತಲ್ಲಿಂದಲೇ ಬೆಂಗಳೂರಿನ ನ್ಯಾಯಾಧೀಶರ ಎದುರು ಹಾಜರಾಗಬಹುದಿತ್ತು. ಹಾಜರಾಗದಿದ್ದರೆ? ಅದನ್ನು ಹೋದ ವಾಯಿದೆಯಲ್ಲೇ ಖಡಕ್ಕಾಗಿ ಹೇಳಿಬಿಟ್ಟಿದ್ದರು. ನಾಲ್ಕು ವರ್ಷದ ಮಗು ಸದ್ಯಕ್ಕೆ ತಾಯಿಯ ಹತ್ತಿರ ಇರಬೇಕೋ ತಂದೆಯ ಹತ್ತಿರವೋ ಎನ್ನುವುದನ್ನು ಇವಳ ಮಾತು ಕೇಳದೆಯೇ ತೀರ್ಮಾನ ಮಾಡಬೇಕಾಗುತ್ತದೆ ಎಂದು.

ಆ ನಾಲ್ಕು ವರ್ಷದವಳು ಅಲ್ಲೇ ಜಗಲಿಯ ಮೇಲೆ ಕೂತು ಬಿಸಿ ಬಿಸಿ ಅವರೆಕಾಳು ಊದಿಕೊಂಡು ತಿನ್ನುತ್ತಿದ್ದಳು.

"ಆಫ್ ಮಾಡಿ ಆನ್ ಮಾಡವ್ವ," ಎಂದ ನನ್ನ ತಮ್ಮ ಶಿವಣ್ಣ.

"ಆರು ಸಲ ಮಾಡ್ದೆ ಕಣಪ್ಪ," ಎಂದಳು ಪವಿತ್ರ.

ಶಿವಣ್ಣ ಎದ್ದು ಹೋಗಿ ಡಬ್ಬಿಯ ತಲೆಗೆ ಎರಡು ಏಟು ಕೊಟ್ಟ. (ನಮ್ಮಲ್ಲಿ ರೇಡಿಯೊ, ಟಿ.ವಿ., ಪಂಪ್‌ಸೆಟ್ಟಿನ ಸ್ಟಾರ್ಟರು, ಎಲ್ಲಕ್ಕೂ ಇದೇ ಚಿಕಿತ್ಸೆ.) ಕೆಂಪು ದೀಪ ಕೆಂಪಾಗಿಯೇ ಇತ್ತು.

ಸ್ವಲ್ಪ ಹಿಂದಕ್ಕೆ ಹೋಗಿ ಹೇಳುತ್ತೇನೆ. ನಾನು ಇರುವುದು ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನಲ್ಲಿ ಎನ್ನುವುದು ನಿಮಗೆ ಗೊತ್ತು. ನಮ್ಮ ಬೀದಿಯ ಚರಂಡಿ, ಎದುರುಮನೆಯ ನಾಯಿ, ನನ್ನ ಮಂಡಿನೋವು ಎಲ್ಲವೂ ಈ ಅಂಕಣದಲ್ಲಿ ಬಂದುಹೋಗಿವೆ. ನನ್ನ ತವರು ಕಿಕ್ಕೇರಿಯಿಂದ ಐದಾರು ಮೈಲಿ ಒಳಗೆ. ಊರಿನ ಹೆಸರು ಬೇಡ. ಯಾಕೆ ಬೇಡ ಎನ್ನುವುದು ಓದುತ್ತಾ ಹೋದರೆ ತಿಳಿಯುತ್ತದೆ.

ವಾಯಿದೆಗೆ ಎರಡು ದಿನ ಮುಂಚೆಯೇ ಹೊರಟೆ. ಪವಿತ್ರಳೇ ಕರೆದಿದ್ದಳು. "ನೀವು ಪಕ್ಕದಲ್ಲಿದ್ರೆ ಧೈರ್ಯ ಅತ್ತೆ. ಅಪ್ಪ ಇದ್ರೆ ಮಧ್ಯ ಬಾಯಾಕ್ತದೆ," ಎಂದಿದ್ದಳು. ಪಾಂಡವಪುರ ದಾಟಿ ಕೆ.ಆರ್. ಪೇಟೆ ಕಡೆಗೆ ಬಸ್ಸು ಹೋಗುವಾಗ ಉದ್ದಕ್ಕೂ ಕರೆಂಟು ಕಂಬಗಳ ಮೇಲೆ ಕಪ್ಪು ಕೇಬಲ್ಲು ಹೊಸದಾಗಿ ಓಡುತ್ತಿತ್ತು. ಕೈಯಲ್ಲಿದ್ದ ಪೇಪರಿನಲ್ಲೂ ಅದೇ ಸುದ್ದಿ. ದೇಶದ ಮೂಲೆ ಮೂಲೆಗೂ ಹೈಸ್ಪೀಡ್ ಇಂಟರ್‌ನೆಟ್. ಇನ್ನು ಮುಂದೆ ಹಳ್ಳಿಗೂ ದಿಲ್ಲಿಗೂ ವ್ಯತ್ಯಾಸವೇ ಇಲ್ಲವಂತೆ. ಓದಿ ಖುಷಿಯಾಯಿತು. ನಾಗಮಂಗಲದ ಕಡೆಯ ನನ್ನ ಭಾವನ ಊರಿಗೆ ಇನ್ನೂ ಕೇಬಲ್ಲು ಬಂದಿಲ್ಲ, ಬರುತ್ತದೆ ಎನ್ನುವ ಬೋರ್ಡು ಮಾತ್ರ ಬಂದಿದೆ. ನನ್ನ ತವರಿಗೆ ಬಂದೇಬಿಟ್ಟಿತ್ತು. ಹಾಗಾಗಿ ನನಗೆ ಒಂಚೂರು ಜಂಬವೂ ಇತ್ತು.

ಜಂಬದಲ್ಲಿ ನನ್ನ ತಮ್ಮ ನನಗಿಂತ ಒಂದು ಕೈ ಮೇಲು. ಪಂಚಾಯಿತಿಯಲ್ಲಿ ಉದ್ಘಾಟನೆ ನಡೆದ ದಿನ ಬೋರ್ಡಿನ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತು ಫೋಟೊ ತೆಗೆಸಿಕೊಂಡು, 'ನಮ್ಮೂರು ಈಗ ಹೈಸ್ಪೀಡು' ಎಂದು ವಾಟ್ಸ್ಯಾಪ್ ಸ್ಟೇಟಸ್ ಹಾಕಿದ್ದ. ಆ ಫೋಟೊ ನೆನಪಿನಲ್ಲಿಟ್ಟುಕೊಳ್ಳಿ.

ಪವಿತ್ರ ತವರಿಗೆ ಬಂದು ಎರಡು ವರ್ಷವಾಯಿತು. ಯಾಕೆ ಬಂದಳು ಎನ್ನುವುದು ಅವಳ ಮಾತು, ನಾನು ಬರೆಯಬಾರದು. ಬೆಳಿಗ್ಗೆ ಸಂಜೆ ಊರಿನ ಮಹಿಳಾ ಡೇರಿಯಲ್ಲಿ ಹಾಲಿನ ಟೆಸ್ಟರ್ ಕೆಲಸ ಮಾಡುತ್ತಾಳೆ. ಯಾರ ಹಾಲಿಗೆ ಎಷ್ಟು ನೀರು ಬಿದ್ದಿದೆ ಎಂದು ಮುಖ ನೋಡದೆ ಹೇಳುತ್ತಾಳೆ. ಹಾಗಾಗಿ ಊರಿನಲ್ಲಿ ಅರ್ಧ ಜನಕ್ಕೆ ಅವಳನ್ನು ಕಂಡರೆ ಆಗದು. ಸುಳ್ಳು ಹೇಳಲು ಬರುವುದಿಲ್ಲ, ಅದೇ ಅವಳ ತೊಂದರೆ. ಗಂಡನ ಕಡೆಯವರು ಮಗುವನ್ನು ತಮಗೇ ಕೊಡಿಸಬೇಕೆಂದು ಬೆಂಗಳೂರಿನಲ್ಲಿ ಅರ್ಜಿ ಹಾಕಿದ್ದರು. ಹೋದ ವಾಯಿದೆಯ ದಿನ ಮಗುವಿಗೆ ಜ್ವರ ಬಂದು ಇವಳು ಹೋಗಲಾಗಿರಲಿಲ್ಲ. ಆಮೇಲೆ ಇವಳ ಲಾಯರು ಮೇಡಂ ಕೇಳಿಕೊಂಡು, ಈ ಸಲ ವಿಡಿಯೊದಲ್ಲಿ ಹಾಜರಾಗಲು ಅನುಮತಿ ಪಡೆದಿದ್ದರು. ಮನೆಗೆ ನೆಟ್ ಹಾಕಿಸಿದ್ದೇ ಅದಕ್ಕೆ.

ಹಾಕಿಸಿದ್ದು ಅದಕ್ಕೆ. ಕೈಕೊಟ್ಟಿದ್ದೂ ಅವತ್ತೇ!

ಮೊಬೈಲ್ ನೆಟ್ ಇಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿಗಳೇನೋ ಫುಲ್ ಇದ್ದವು. ಏನೂ ಹೋಗುತ್ತಿರಲಿಲ್ಲ, ಏನೂ ಬರುತ್ತಿರಲಿಲ್ಲ. ಲಾಯರಿಗೆ ಫೋನ್ ಮಾಡಿದರೆ ಕುಂಯ್ ಎಂದು ಕಟ್ಟಾಗುತ್ತಿತ್ತು. ಊರಿನ ಟವರಿಗೂ ಅದೇ ಕೇಬಲ್ಲಿನಿಂದಲೇ ಜೀವ ಎನ್ನುವುದು ನನಗೆ ಗೊತ್ತಾಗಿದ್ದು ಆಮೇಲೆ.

ಪಂಚಾಯಿತಿಯ ಲೈಬ್ರರಿಗೆ ಓಡಿದೆವು. ಅಲ್ಲಿ ಇನ್ನೂ ದೊಡ್ಡ ಡಬ್ಬಿ, ಇನ್ನೂ ದೊಡ್ಡ ಕೆಂಪು ದೀಪ. ಲೈಬ್ರರಿ ನೋಡಿಕೊಳ್ಳುವಾತ ಕೈ ಚೆಲ್ಲಿದ.

"ಬೆಳಗ್ಗೆ ಆರೂವರೇಲಿ ವಾಟ್ಸ್ಯಾಪ್ ನೋಡ್ತಿದ್ದೆ ಕಣವ್ವ, ಅಂಗೇ ನಿಂತೋಯ್ತು. ಕಂಪ್ಲೇಂಟ್ ಕೊಟ್ಟಿವ್ನಿ. ಯಾರೋ ಬತ್ತಾವ್ರಂತೆ."

"ಎಷ್ಟೊತ್ಗೆ?"

"ಬತ್ತಾವ್ರೆ ಅಂದ್ರು. ಎಷ್ಟೊತ್ಗೆ ಅನ್ನಲಿಲ್ಲ."

ಲೈಬ್ರರಿಯ ಜಗಲಿಯಲ್ಲಿ ಕೂತಿದ್ದ ನಾಲ್ಕು ಜನ ನಾಲ್ಕು ಕಾರಣ ಹೇಳಿದರು. ಕಬ್ಬಿನ ಟ್ರಾಕ್ಟರು ಎಳೆದುಕೊಂಡು ಹೋಗಿರಬೇಕು. ಕಬ್ಬಿನ ಒಣ ರವದಿಗೆ ಬೆಂಕಿ ಹಾಕಿದವರು ಸುಟ್ಟಿರಬೇಕು. ಕಂಟ್ರಾಕ್ಟರು ಕಳಪೆ ಮಾಲು ಹಾಕಿರಬೇಕು. ಕೊನೆಯವರಂತೂ ಪವಿತ್ರಳ ಗಂಡನೇ ಜನ ಬಿಟ್ಟು ಮಾಡಿಸಿದ್ದಾನೆ ಎಂದುಬಿಟ್ಟರು. ಅದನ್ನು ಕೇಳಿ ಪವಿತ್ರಳ ಮುಖ ಬಿಳಿಚಿಕೊಂಡಿತು. ನನಗೂ ಒಂದು ಕ್ಷಣ ಹೌದೇನೋ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಗಂಟೆ ಹನ್ನೊಂದು. ಇನ್ನು ಕಾಯುವಂತಿರಲಿಲ್ಲ. ಪವಿತ್ರ ಸ್ಕೂಟರ್ ತೆಗೆದಳು. ಕಿಕ್ಕೇರಿಗೆ ಹೋದರೆ ಸಿಗ್ನಲ್ಲು ಗ್ಯಾರಂಟಿ.

ನಾನು ಹಿಂದೆ ಹತ್ತಿ ಕೂತೆ. ಅಷ್ಟರಲ್ಲಿ ಶಿವಣ್ಣ ಒಂದು ದೊಡ್ಡ ಚೀಲ ಹೊತ್ತುಕೊಂಡು ಓಡಿಬಂದ.

"ಅಕ್ಕ, ಹೆಂಗೂ ಕಿಕ್ಕೇರಿಗೆ ಓಯ್ತಿದ್ದೀಯ. ಅಂಗೇ ಮಧ್ಯಾಹ್ನದ ಬಸ್ಸತ್ಬುಡು. ಚೀಲ ತಗೊಂಡೋಗು."

"ಲೇ ಶಿವ, ಈಗ ಚೀಲ ಮುಖ್ಯನೇನೋ?"

"ತವ್ರುಮನೆಯಿಂದ ಬರೀ ಕೈಲಿ ಓದೀಯಾ? ಎಲ್ಲಾನೂ ಜೋಡ್ಸಿವ್ನಿ. ನೀ ಕೇಳಿದ್ದೂ ಅದ್ರಲ್ಲೇ ಅದೆ."

ನಾನು ಕೇಳಿದ್ದೇನು ಎಂದು ಆಗ ನೆನಪಾಗಲಿಲ್ಲ. ಚೀಲವನ್ನು ನಮ್ಮಿಬ್ಬರ ಕಾಲುಗಳ ನಡುವೆ ತುರುಕಿ ಅವನು ಹಿಂದೆ ಸರಿದ. ಮಗು ಅಜ್ಜಿಯ, ಅಂದರೆ ಶಿವಣ್ಣನ ಹೆಂಡತಿಯ, ಸೊಂಟದ ಮೇಲಿಂದ ಕೈಬೀಸಿತು. ಪವಿತ್ರ ತಿರುಗಿ ನೋಡಲಿಲ್ಲ. ನೋಡಿದ್ದರೆ ಗಾಡಿ ಓಡಿಸಲು ಆಗುತ್ತಿರಲಿಲ್ಲ.

ಊರು ಬಿಟ್ಟು ಒಂದು ಮೈಲಿ ಹೋಗುವುದರೊಳಗೆ ಮುಂದೆ ಕಬ್ಬಿನ ಟ್ರಾಕ್ಟರು. ಹಿಂದೆ ಎರಡು ಟ್ರೈಲರು, ಆಳೆತ್ತರದ ಮೇಲೆ ಇನ್ನೊಂದು ಆಳೆತ್ತರ ಕಬ್ಬು. ಕಬ್ಬಿನ ಮೇಲೆ ಒಬ್ಬಾತ ಕವೆಗೋಲು ಹಿಡಿದು ಕೂತಿದ್ದ. ರಸ್ತೆಗೆ ಅಡ್ಡವಾಗಿ ವೈರು ಬಂದಾಗಲೆಲ್ಲ ಟ್ರಾಕ್ಟರು ನಿಲ್ಲುತ್ತದೆ. ಆತ ಕವೆಗೋಲಿನಿಂದ ವೈರನ್ನು ಮೆಲ್ಲಗೆ ಮೇಲೆತ್ತುತ್ತಾನೆ. ಟ್ರಾಕ್ಟರು ಕೆಳಗೆ ನುಸುಳುತ್ತದೆ. ಆತ ವೈರನ್ನು ಮೆಲ್ಲಗೆ ಹಿಂದಕ್ಕೆ ಇಳಿಸುತ್ತಾನೆ. ಬೇರೆ ದಿನವಾಗಿದ್ದರೆ ನಿಂತು ನೋಡುತ್ತಿದ್ದೆ, ಅಷ್ಟು ನಾಜೂಕಿನ ಕೆಲಸ ಅದು. ಅವತ್ತು ಹಲ್ಲು ಕಡಿದುಕೊಂಡು ಕೂತಿದ್ದೆ.

"ಜಾಗ ಬುಡಣ್ಣ! ಕೋರ್ಟದೆ!" ಎಂದು ಪವಿತ್ರ ಕೂಗಿದಳು.

"ಯಾವ ಕೋರ್ಟವ್ವಾ ಈ ರೋಡಲ್ಲಿ?" ಎಂದ ಆತ ಮೇಲಿನಿಂದ.

ಏನೆಂದು ಹೇಳುವುದು? ಕೋರ್ಟು ಇವಳ ಪರ್ಸಿನೊಳಗಿನ ಮೊಬೈಲಿನಲ್ಲಿದೆ ಎನ್ನುವುದೇ? ಕೊನೆಗೆ ಒಂದು ಗದ್ದೆಯ ದಾರಿಗೆ ಟ್ರಾಕ್ಟರು ಸರಿದುಕೊಂಡು ಜಾಗ ಬಿಟ್ಟಿತು. ಆಗ ಹನ್ನೊಂದು ಇಪ್ಪತ್ತೈದು.

ಕಿಕ್ಕೇರಿ ಇನ್ನೂ ಒಂದೆರಡು ಮೈಲಿ ಇದೆ ಎನ್ನುವಾಗ ಇಬ್ಬರ ಮೊಬೈಲುಗಳೂ ಒಟ್ಟಿಗೆ ಕಿರುಚತೊಡಗಿದವು. ಬೆಳಗಿನಿಂದ ತಡೆದಿದ್ದ ಮೆಸೇಜುಗಳೆಲ್ಲ ಒಮ್ಮೆಗೇ ಬಂದವು. ಅದರಲ್ಲಿ ಒಂಬತ್ತು ಲಾಯರು ಮೇಡಂ ಅವರವು. ಪವಿತ್ರ ಗಾಡಿ ನಿಲ್ಲಿಸಿ ಫೋನ್ ಮಾಡಿದಳು. ಅವರು ಪಿಸುಗುಟ್ಟಿದರು.

"ಎಲ್ಲಿದ್ದೀಯಮ್ಮ? ಕೇಸ್ ಕರೆದಾಯ್ತು. ಸ್ವಲ್ಪ ಬಿಟ್ಟು ಕರೆಯಿರಿ ಅಂತ ಬೇಡಿಕೊಂಡಿದ್ದೀನಿ. ಊಟಕ್ಕೆ ಏಳೋಕೆ ಮುಂಚೆ ಒಂದೇ ಒಂದು ಸಲ ಕರೀತಾರೆ. ಆಗಲೂ ಇಲ್ಲದಿದ್ದರೆ ನನ್ನ ಕೈಲಿ ಏನೂ ಇಲ್ಲ."

ಕಿಕ್ಕೇರಿಯಲ್ಲಿ ಕೂರುವುದಕ್ಕೆ ಜಾಗ ಹುಡುಕಬೇಕಿತ್ತು. ರಸ್ತೆಯಲ್ಲಿ ನಿಂತು ನ್ಯಾಯಾಧೀಶರ ಜತೆ ಮಾತಾಡಲಾಗದು. ಬಸ್ ನಿಲ್ದಾಣದ ಹತ್ತಿರ ಒಂದು ಜೆರಾಕ್ಸ್ ಅಂಗಡಿ. ನಡೆಸುವಾಕೆಗೆ ವಿಷಯ ಹೇಳಿದೆ. ಆಕೆ ಎರಡನೇ ಪ್ರಶ್ನೆ ಕೇಳಲಿಲ್ಲ. ಆಧಾರ್ ಕಾರ್ಡು ಹಿಡಿದು ನಿಂತಿದ್ದವರನ್ನೆಲ್ಲ "ಅರ್ಧ ಗಂಟೆ ಬುಟ್ಬನ್ನಿ" ಎಂದು ಹೊರಗಟ್ಟಿ, ಶಟರನ್ನು ಅರ್ಧಕ್ಕೆ ಎಳೆದಳು. ಆ ಮಹಾತಾಯಿಯ ಹೆಸರು ಕೇಳಲೂ ಅವತ್ತು ನನಗೆ ಹೊಳೆಯಲಿಲ್ಲ.

ಪವಿತ್ರ ಸ್ಟೂಲಿನ ಮೇಲೆ ಕೂತು ಲಿಂಕ್ ಒತ್ತಿದಳು. 'ದಯವಿಟ್ಟು ಕಾಯಿರಿ, ಒಳಗೆ ಸೇರಿಸಲಾಗುವುದು' ಎಂದು ಬಂತು. ಮೊಬೈಲನ್ನು ಅವಳು ಕೈಯಲ್ಲೇ ಹಿಡಿದು ಕೂತಿದ್ದಳು. ಹೀಗೆ ಹಿಡಿದರೆ ಪೂರ್ತಿ ಮುಖ ಕಾಣುವುದು ಹೇಗೆ? ಏನಾದರೂ ಆನಿಸಿ ನಿಲ್ಲಿಸೋಣ ಎಂದು ನಾನು ಚೀಲ ಬಿಚ್ಚಿದೆ. ಅದರಲ್ಲಿ ಬೆಲ್ಲದ ಅಚ್ಚುಗಳು ಇರುತ್ತವೆ ಎಂದು ಗೊತ್ತಿತ್ತು. ತವರಿನ ಚೀಲದಲ್ಲಿ ಬೆಲ್ಲ ಇಲ್ಲದೆ ಇರುವುದುಂಟೇ?

ಮೇಲೆ ಅವರೆಕಾಯಿ. ಅದರ ಕೆಳಗೆ ಎರಡು ತೆಂಗಿನಕಾಯಿ. ಬೆಲ್ಲದ ಎರಡು ಅಚ್ಚು ಸಿಕ್ಕಿದವು. ಮೊಬೈಲನ್ನು ಅದಕ್ಕೆ ಒರಗಿಸಿದೆ. (ನ್ಯಾಯಾಲಯವು ಬೆಲ್ಲಕ್ಕೆ ಒರಗಿ ನಿಂತಿತು ಎಂದು ಎಲ್ಲಾದರೂ ದಾಖಲಾಗಬೇಕಿತ್ತು.) ಚೀಲದ ಬಾಯಿ ಕಟ್ಟಲು ಹೋದಾಗ ತಳದಲ್ಲಿ ಏನೋ ಕಪ್ಪಗೆ ಕಂಡಿತು.

ಎಳೆದೆ. ಸುರುಳಿ ಸುತ್ತಿದ ಕಪ್ಪು ಕೇಬಲ್ಲು. ನಾಲ್ಕು ಕಡೆ ಬಾಳೆನಾರಿನಿಂದ ನೀಟಾಗಿ ಕಟ್ಟಿತ್ತು. ಮೈಮೇಲೆ ಅಲ್ಲಲ್ಲಿ ಬಿಳಿಯ ಅಂಕಿಗಳು, ಇಂಗ್ಲಿಷ್ ಅಕ್ಷರಗಳು. ಕುಡುಗೋಲಿನಿಂದ ಕೊಯ್ದ ತುದಿ ಹೊಚ್ಚ ಹೊಸದಾಗಿತ್ತು. ಆ ತುದಿಯಲ್ಲಿ ಕೂದಲಿನಷ್ಟು ಸಣ್ಣ ಎಳೆಗಳು ಇಣುಕುತ್ತಿದ್ದವು. ಒಂದು ನೀಲಿ, ಒಂದು ಹಸಿರು, ಒಂದು ಕಿತ್ತಳೆ.

ಆಗ ನೆನಪಾಯಿತು, ನಾನು ಕೇಳಿದ್ದೇನು ಎಂದು.

ದೀಪಾವಳಿಗೆ ಬಂದಿದ್ದೆ. ಪಕ್ಕದ ಮನೆಯವರು ಬಟ್ಟೆ ಒಣಗಿಸಲು ಇಂಥದ್ದೇ ಕಪ್ಪು ವೈರು ಕಟ್ಟಿದ್ದರು. ಕೇಬಲ್ ಎಳೆಯುವವರು ಬಿಟ್ಟುಹೋದ ತುಂಡಂತೆ. ಎರಡು ಕಂಬಳಿ ಹಾಕಿದರೂ ಜೋಲುತ್ತಿರಲಿಲ್ಲ. ನನ್ನ ಟೆರೇಸಿನ ಪ್ಲಾಸ್ಟಿಕ್ ಹಗ್ಗವೋ, ಒಂದು ಒದ್ದೆ ಸೀರೆ ಹಾಕಿದರೆ ನೆಲ ಮುಟ್ಟುತ್ತದೆ. "ಲೇ ಶಿವ, ನನಗೂ ಇಂಥದ್ದೊಂದು ಇಪ್ಪತ್ತು ಅಡಿ ಸಿಕ್ಕಿದ್ರೆ ನೋಡೋ," ಎಂದಿದ್ದೆ. ಹೇಳಿದವಳು ಮರೆತೆ. ಕೇಳಿಸಿಕೊಂಡವನು ಮರೆಯಲಿಲ್ಲ. ಅಕ್ಕ ಬಾಯಿಬಿಟ್ಟು ಕೇಳಿದ್ದನ್ನು ನನ್ನ ತಮ್ಮ ಇಷ್ಟು ವರ್ಷದಲ್ಲಿ ಒಮ್ಮೆಯೂ ಇಲ್ಲ ಎಂದವನಲ್ಲ.

ಬೆಳಿಗ್ಗೆ ಆರೂವರೆಗೆ ಅವನು ಏಣಿ ಹೊತ್ತುಕೊಂಡು ತೋಟದ ಕಡೆ ಹೋಗಿದ್ದನ್ನು ನಾನೇ ನೋಡಿದ್ದೆ. ತೆಂಗಿನಕಾಯಿಗೆ ಎಂದುಕೊಂಡಿದ್ದೆ.

ಅಷ್ಟರಲ್ಲಿ ಮೊಬೈಲಿನಲ್ಲಿ ಕೋರ್ಟು ಕಾಣಿಸಿಕೊಂಡಿತು. ನಾನು ಸುರುಳಿಯನ್ನು ಮಡಿಲಿಗೆ ಎಳೆದುಕೊಂಡು ಸೆರಗು ಮುಚ್ಚಿದೆ. ಯಾಕೆ ಮುಚ್ಚಿದೆ? ಇವತ್ತಿಗೂ ಗೊತ್ತಿಲ್ಲ. ಕೈ ತಾನಾಗಿ ಮುಚ್ಚಿತು.

"ಪವಿತ್ರ ನೀವೇನಾ? ಮೊದಲ ಸಲ ಕರೆದಾಗ ಎಲ್ಲಿದ್ದಿರಿ?" ಎಂದರು ನ್ಯಾಯಾಧೀಶರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಸಾರ್, ನಮ್ಮೂರಲ್ಲಿ ನೆಟ್ ಇರಲಿಲ್ಲ. ಬೆಳಿಗ್ಗೆಯಿಂದ ಲೈನ್ ಕಟ್ಟಾಗಿದೆ. ಅದಕ್ಕೆ ಕಿಕ್ಕೇರಿಗೆ ಬಂದು ಕೂತಿದ್ದೀನಿ."

"ಹೋದ ಸಲ ಮಗುವಿಗೆ ಜ್ವರ. ಈ ಸಲ ನೆಟ್ ಇಲ್ಲ."

ಗಂಡನ ಕಡೆಯ ಲಾಯರು ಇದಕ್ಕೇ ಕಾಯುತ್ತಿದ್ದವರ ಹಾಗೆ ಎದ್ದರು. "ಸ್ವಾಮಿ, ದೇಶದ ಹಳ್ಳಿಹಳ್ಳಿಗೂ ಹೈಸ್ಪೀಡ್ ಇಂಟರ್‌ನೆಟ್ ಬಂದಿದೆ. ಇವರ ಊರಿಗೂ ಬಂದಿದೆ. ಇದು ನನ್ನ ಮಾತಲ್ಲ, ಇವರ ತಂದೆಯ ಮಾತು. ದಯವಿಟ್ಟು ಈ ಫೋಟೊ ನೋಡಬೇಕು."

ನೆನಪಿನಲ್ಲಿಟ್ಟುಕೊಳ್ಳಿ ಎಂದಿದ್ದೆನಲ್ಲ, ಅದೇ ಫೋಟೊ. ಎದೆಯುಬ್ಬಿಸಿದ ಶಿವಣ್ಣ, ಪಕ್ಕದಲ್ಲಿ ಬೋರ್ಡು, 'ನಮ್ಮೂರು ಈಗ ಹೈಸ್ಪೀಡು'. ಅಳಿಯನ ನಂಬರನ್ನು ತನ್ನ ಮೊಬೈಲಿನಿಂದ ತೆಗೆದುಹಾಕಲು ಶಿವಣ್ಣನಿಗೆ ಬಂದಿರಲಿಲ್ಲ. ಸ್ಟೇಟಸ್ ಅಲ್ಲಿಗೂ ಹೋಗಿತ್ತು.

"ಇಷ್ಟು ಒಳ್ಳೆಯ ವ್ಯವಸ್ಥೆ ಇರುವಾಗ, ಇವತ್ತೇ, ಈ ಹೊತ್ತಿಗೇ ಕಟ್ಟಾಯಿತು ಎಂದರೆ ನಂಬಬೇಕೇ? ನ್ಯಾಯಾಲಯದಿಂದ ತಪ್ಪಿಸಿಕೊಳ್ಳುವುದೇ ಇವರ ಉದ್ದೇಶ."

"ಇಲ್ಲ ಸಾರ್! ಸತ್ಯವಾಗಿ ಹೇಳ್ತಿದ್ದೀನಿ," ಎಂದಳು ಪವಿತ್ರ.

"ಯಾಕೆ ಕಟ್ಟಾಯಿತು? ಕಾರಣ ಗೊತ್ತೇ?" ಎಂದು ನ್ಯಾಯಾಧೀಶರು ಕೇಳಿದರು.

"ಗೊತ್ತಿಲ್ಲ ಸಾರ್."

ಕಾರಣ ನನ್ನ ಮಡಿಲಲ್ಲಿತ್ತು. ಎತ್ತಿ ತೋರಿಸಿದ್ದರೆ ಒಂದೇ ನಿಮಿಷದಲ್ಲಿ ಅವಳ ಮಾತು ನಿಜವಾಗುತ್ತಿತ್ತು. ಆದರೆ ಆಮೇಲೆ? ಮಗು ಬೆಳೆಯುತ್ತಿರುವ ಮನೆಯ ಯಜಮಾನನೇ ಸರ್ಕಾರಿ ಕೇಬಲ್ಲು ಕೊಯ್ದವನು ಎಂದು ಆ ಲಾಯರು ಮರುಕ್ಷಣವೇ ಎದ್ದು ನಿಲ್ಲುತ್ತಿದ್ದರು. ತೋರಿಸಿದರೂ ಕೆಟ್ಟೆವು, ತೋರಿಸದಿದ್ದರೂ ಕೆಟ್ಟೆವು. ಕೂದಲೆಳೆಯಂಥ ಆ ಗಾಜಿನ ತಂತಿಗಳು ಸೆರಗಿನ ಮೂಲಕ ನನ್ನ ಬೆರಳಿಗೆ ಚುಚ್ಚುತ್ತಿದ್ದವು. ನಾನು ಬಾಯಿ ಬಿಡಲಿಲ್ಲ.

ವಾರವಾರ ನಿಮಗೆ ಬುದ್ಧಿ ಹೇಳುವವಳು ನಾನು. ಗಮನಿಸಿ.

ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮಗು ಸದ್ಯಕ್ಕೆ ತಾಯಿಯ ಹತ್ತಿರವೇ ಇರಲಿ. ಆದರೆ ಮುಂದಿನ ವಾಯಿದೆಗೆ ಮಗುವಿನ ಸಮೇತ ಖುದ್ದಾಗಿ ಬರಬೇಕು, ಇದು ಕೊನೆಯ ಅವಕಾಶ. ತಡವಾದದ್ದಕ್ಕೆ ಕೊಟ್ಟ ಕಾರಣ ನಂಬುವಂತಿಲ್ಲ ಎಂದು ಬರೆದುಕೊಳ್ಳಿ. ಅಷ್ಟು ಹೇಳಿ ಮುಂದಿನ ಕೇಸು ಕರೆದರು. ಎಲ್ಲ ಸೇರಿ ನಾಲ್ಕು ನಿಮಿಷ.

ಪವಿತ್ರ ಅಂಗಡಿಯ ಹಿಂದಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದಳು. ಮಗು ಉಳಿಯಿತಲ್ಲ, ಸದ್ಯ, ಎಂದೆ ನಾನು. ಅವಳು ತಲೆಯಾಡಿಸಿದಳು.

"ಉಳೀತು ಅತ್ತೆ. ಆದ್ರೆ ನಾನು ಸುಳ್ಳುಗಾತಿ ಅಂತ ಬರಕೊಂಡ್ರಲ್ಲ. ಇನ್ಮ್ಯಾಕೆ ನಾ ಏನೇಳಿದ್ರೂ ಅದ್ರ ಮ್ಯಾಲೇ ನೋಡ್ತಾರೆ."

ಡೇರಿಯಲ್ಲಿ ಊರಿಗೆ ಊರೇ ಮುನಿಸಿಕೊಂಡರೂ ಹಾಲಿನ ಜಿಡ್ಡಿನ ಲೆಕ್ಕದಲ್ಲಿ ಒಂದು ಪಾಯಿಂಟು ಹೆಚ್ಚು ಬರೆಯದವಳು. ಅವಳನ್ನು ಆ ಮಾತು ಎಷ್ಟು ನೋಯಿಸಿರಬೇಕು ಎಂದು ನನಗೆ ಗೊತ್ತಾಯಿತು. ನಾನು ಮಧ್ಯಾಹ್ನದ ಬಸ್ಸು ಹತ್ತಲಿಲ್ಲ. ಚೀಲದ ಸಮೇತ ಅವಳ ಹಿಂದೆ ಮತ್ತೆ ಕೂತೆ. ದಾರಿಯುದ್ದಕ್ಕೂ ಹೇಳಬೇಕು ಎಂದುಕೊಂಡೆ. ದಾರಿ ಮುಗಿಯಿತು.

ಮನೆಯ ಅಂಗಳದಲ್ಲಿ ಶಿವಣ್ಣ ನಿಂತು ಬಯ್ಯುತ್ತಿದ್ದ. ಯಾರನ್ನು? ಕೇಬಲ್ಲು ಕೊಯ್ದವನನ್ನು.

"ಯಾವ ಮನೆಹಾಳ ನನ್ಮಗ ಕಣಕ್ಕ ಅವ್ನು! ಅವನ ಕೈ ಸೇದೋಗ! ನನ್ ಮಗಳು ಕಣ್ಣೀರಾಕಂಗೆ ಮಾಡ್ದೋನು ಉದ್ಧಾರ ಆದಾನಾ? ಸಿಕ್ಲಿ, ಕಂಬಕ್ಕೆ ಕಟ್ಟಾಕಿ ಚರ್ಮ ಸುಲೀತೀನಿ!"

ಬೈಗುಳ ಇನ್ನೂ ಇದ್ದವು, ಪತ್ರಿಕೆಯಲ್ಲಿ ಹಾಕುವಂಥವಲ್ಲ. ಅವನು ನಾಟಕವಾಡುತ್ತಿರಲಿಲ್ಲ. ತಾನು ಕೊಯ್ದದ್ದೇ ಲೈನು ಎಂದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಬೈಕೊಂದು ಬಂದು ನಿಂತಿತು. ಕೇಬಲ್ಲು ಜೋಡಿಸುವ ನಯಾಜ್. ನಾಗಮಂಗಲದವರು, ಐವತ್ತರ ಹತ್ತಿರದ ವಯಸ್ಸು, ಹೆಗಲಲ್ಲಿ ಒಂದು ಕಪ್ಪು ಪೆಟ್ಟಿಗೆ.

"ಗೌಡ್ರೆ, ಪಂಚಾಯ್ತಿಲಿ ಮಿಷಿನ್ ಹಾಕಿ ನೋಡ್ದೆ. ಕಟ್ಟಾಗಿರೋದು ನಿಮ್ ತೋಟದ ಹತ್ರಾನೇ ತೋರಿಸ್ತೈತೆ."

ಎಲ್ಲರೂ ಹೋದೆವು. ಬದುವಿನ ಮೇಲಿನ ಕಂಬ. ಅದರ ಮೇಲೆ ಎರಡು ಪಟ್ಟಿಗಳನ್ನು ಅಡ್ಡಡ್ಡಲಾಗಿ ಕಟ್ಟಿದ ಒಂದು ಕೊಕ್ಕೆ. ಕೊಕ್ಕೆ ಖಾಲಿ. ಎರಡೂ ಕಡೆಯಿಂದ ಬಂದ ಕೇಬಲ್ಲಿನ ತುದಿಗಳು ಗಾಳಿಗೆ ತೂಗಾಡುತ್ತಿದ್ದವು.

"ಅಯ್ಯೋ ಖುದಾ," ಎಂದು ನಯಾಜ್ ಹಣೆ ಚಚ್ಚಿಕೊಂಡರು. "ಲೂಪೇ ಕೊಯ್ಕೊಂಡು ಹೋಗವ್ರೆ!"

"ಅಂಗಂದ್ರೆ?" ಎಂದ ಶಿವಣ್ಣ. ಅವನ ದನಿ ಆಗಲೇ ಇಳಿದಿತ್ತು.

"ಕಂಬದ ಮೇಲೆ ಸುತ್ತಿ ಇಟ್ಟಿರ್ತೀವಲ್ಲ ಗೌಡ್ರೆ, ಅದು ಮಿಕ್ಕಿದ್ದಲ್ಲ. ನಾಳೆ ಎಲ್ಲಾದ್ರೂ ಕಟ್ಟಾದ್ರೆ ಎಳ್ಕೊಂಡು ಜೋಡ್ಸೋಕೆ ಅಂತ ಬಿಟ್ಟಿರ್ತೀವಿ. ಲೈನು ಅದ್ರೊಳಗಿಂದ್ಲೇ ಹೋಗೋದು. ಈ ಕಡೆಯಿಂದ ಬಂದು, ಸುತ್ತಿ, ಆ ಕಡೆ ಹೋಗ್ತೈತೆ. ಇದನ್ನ ಕೊಯ್ದ್ರೆ ಊರೇ ಕಟ್ಟು."

ಶಿವಣ್ಣ ಕಂಬವನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಚೀಲದಿಂದ ಸುರುಳಿ ತೆಗೆದು ಬದುವಿನ ಮೇಲೆ ಇಟ್ಟೆ. ಬಾಳೆನಾರಿನ ಗಂಟು ಇನ್ನೂ ಹಾಗೇ ಇತ್ತು.

ಪವಿತ್ರ ಆ ಗಂಟನ್ನೇ ನೋಡುತ್ತಿದ್ದಳು. ಅದು ಅವಳ ಅಪ್ಪನ ಗಂಟು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ದಂಡವಾಗಿ ಸುತ್ತಿ ಬುಟ್ಟೋಗವ್ರೆ ಅನ್ಕಂಡೆ ಕಣವ್ವ," ಎಂದ ಶಿವಣ್ಣ. "ಅಕ್ಕ ಕೇಳಿತ್ತು. ಕೇಳಿದ್ದೇ ಅಪ್ರೂಪ..."

ಪವಿತ್ರ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

"ಅತ್ತೆ ಚೀಲ್ವ ಒಂದ್ಸಲ ಬರೀದು ಕಳ್ಸಿದ್ರೆ ಏನಾಗ್ತಿತ್ತಪ್ಪ?" ಎಂದಳು. ಅಷ್ಟೇ. ಡೇರಿಗೆ ಹೊತ್ತಾಯಿತೆಂದು ನಡೆದುಬಿಟ್ಟಳು.

ನಯಾಜ್ ಕಂಬ ಹತ್ತಿ ಇಳಿದು, ಬದುವಿನ ಮೇಲೆ ಪೆಟ್ಟಿಗೆ ಬಿಚ್ಚಿ, ಆ ಕೂದಲೆಳೆಗಳನ್ನು ಒಂದೊಂದಾಗಿ ಬೆಸೆಯಲು ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಶಿವಣ್ಣ ಅವರ ತಲೆಗೆ ಬಿಸಿಲು ತಾಗದಂತೆ ಛತ್ರಿ ಹಿಡಿದು ನಿಂತಿದ್ದ. ಬೆಳಿಗ್ಗೆಯದೇ ಏಣಿ, ಬೆಳಿಗ್ಗೆಯದೇ ಕಂಬ. ಕೆಲಸ ಮುಗಿಯುವ ಹೊತ್ತಿಗೆ ಅವನೊಂದು ತೀರ್ಮಾನಕ್ಕೆ ಬಂದಿದ್ದ.

"ಅಕ್ಕ, ಮುಂದಿನ ವಾಯ್ದೆಗೆ ನಾನೇ ಓಯ್ತೀನಿ. ಜಡ್ಜ್ ಮುಂದೆ ಕೈಮುಗ್ದು ಹೇಳ್ಬುಡ್ತೀನಿ. ನನ್ ಮಗಳು ಸುಳ್ಳೇಳಿಲ್ಲ, ನಾನೇ ಕೊಯ್ದಿದ್ದು ಅಂತ. ಜೈಲಿಗಾಕ್ಲಿ ಬುಡು."

ಅಷ್ಟರಲ್ಲಿ ಫೋನು ಸರಿಹೋಗಿತ್ತು. ನಾನು ಲಾಯರು ಮೇಡಂಗೆ ಎಲ್ಲವನ್ನೂ ಹೇಳಿದೆ. "ಅವರನ್ನ ಮಾತ್ರ ಕರ್ಕೊಂಡು ಬರಬೇಡಿ. ಮಗುವಿಗೆ ಆ ಮನೆ ಸರಿಯಿಲ್ಲ ಅನ್ನೋಕೆ ನೀವೇ ಸಾಕ್ಷಿ ತಂದುಕೊಟ್ಟ ಹಾಗಾಗುತ್ತೆ. ಲೈನ್ ಕಟ್ಟಾಗಿತ್ತು ಅಂತ ಕೇಬಲ್‌ನವರ ರಿಪೋರ್ಟ್ ಇರುತ್ತಲ್ಲ, ಅದರ ಕಾಪಿ ತನ್ನಿ, ಸಾಕು," ಎಂದರು.

ನಯಾಜ್ ಆಗ ಮೊಬೈಲಿನಲ್ಲಿ ಅದೇ ರಿಪೋರ್ಟು ತುಂಬುತ್ತಿದ್ದರು. ಕಟ್ಟಾದ ಹೊತ್ತು, ಸರಿಹೋದ ಹೊತ್ತು, ಕಂಬದ ನಂಬರು. ಕೊನೆಯಲ್ಲಿ 'ಕಾರಣ' ಎಂಬ ಕಡೆ ಬೆರಳು ನಿಂತಿತು. ಶಿವಣ್ಣನ ಮುಖ ನೋಡಿದರು. ಛತ್ರಿ ನೋಡಿದರು.

"ನನ್ಗೂ ಇಬ್ರು ಹೆಣ್ಮಕ್ಳು ಅಮ್ಮಾ," ಎಂದು ನನಗೆ ಹೇಳಿ ಏನನ್ನೋ ಒತ್ತಿದರು. "ಅಳಿಲು ಕಚ್ಚಿದ್ದು ಅಂತ ಹಾಕಿವ್ನಿ."

ಹೀಗಾಗಿ ಈಗ ಪರಿಸ್ಥಿತಿ ಇಷ್ಟು. ಪವಿತ್ರ ನಿಜ ಹೇಳಿದಳು, ನಂಬುವಂತಿಲ್ಲ ಎಂದು ಬರೆದುಕೊಂಡರು. ನಯಾಜ್ ಬರೆದದ್ದು ಸುಳ್ಳು, ಅದರ ಮೇಲೆ ಕಂಪನಿಯ ಸೀಲು ಬಿದ್ದಿದೆ. ಮುಂದಿನ ವಾಯಿದೆಯಲ್ಲಿ ಆ ಸುಳ್ಳೇ ಇವಳ ನಿಜಕ್ಕೆ ಸಾಕ್ಷಿ ಹೇಳಬೇಕು. ಪವಿತ್ರ ಆ ಕಾಗದವನ್ನು ಕೈಯಲ್ಲಿ ಹಿಡಿಯಲೂ ಒಪ್ಪುತ್ತಿಲ್ಲ. "ಕಟ್ಟಾದ ಹೊತ್ತಿರೋ ಸಾಲು ಮಾತ್ರ ಕೊಡಿ, ಅಳಿಲು ಬೇಡ," ಎನ್ನುತ್ತಾಳೆ. ಕಾಗದವನ್ನು ಹರಿದು ಅರ್ಧ ಕೊಡಲಾಗುವುದಿಲ್ಲ ಎಂದು ಲಾಯರು ಮೇಡಂ ತಲೆ ಚಚ್ಚಿಕೊಳ್ಳುತ್ತಿದ್ದಾರೆ. ಏನಾಗುತ್ತದೋ ಗೊತ್ತಿಲ್ಲ.

ಕೇಬಲ್ಲು ದೇಶದ ಮೂಲೆ ಮೂಲೆಗೂ ಹೋಗಲಿ. ಹೋಗಲೇಬೇಕು. ಪವಿತ್ರಳಂಥವರಿಗೆ ಅದು ಸಿನಿಮಾ ನೋಡುವ ಚಟವಲ್ಲ, ಮಗುವನ್ನು ಉಳಿಸಿಕೊಳ್ಳುವ ದಾರಿ. ಆದರೆ ಕಂಬ ನೆಟ್ಟು, ಬೋರ್ಡು ಹಾಕಿ, ಫೋಟೊ ಹೊಡೆಸಿಕೊಂಡು ಹೋದವರಲ್ಲಿ ಒಬ್ಬರಾದರೂ, ಮೇಲೆ ಸುತ್ತಿಟ್ಟಿರುವುದು ಏನು, ಯಾಕೆ ಎಂದು ಶಿವಣ್ಣನಂಥವರಿಗೆ ಎರಡು ಮಾತು ಹೇಳಬಾರದಿತ್ತೇ? ಹೀಗೆ ಬರೆದು ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಬಹುದು. ನನಗೆ ಅದು ಸುಲಭ, ಮೂವತ್ತು ವರ್ಷದ ಅಭ್ಯಾಸ. ಈ ಸಲ ಪೆನ್ನು ಮುಂದೆ ಹೋಗುತ್ತಿಲ್ಲ.

ಇದನ್ನು ಬರೆಯಲೇ ಎಂದು ಶಿವಣ್ಣನನ್ನು ಕೇಳಿದೆ. "ಬರಿ ಅಕ್ಕ, ನಾಕು ಜನಕ್ಕೆ ಗೊತ್ತಾಗ್ಲಿ. ಹೆಸ್ರು ಮಾತ್ರ ಬದ್ಲಾಯ್ಸು," ಎಂದ. ಪವಿತ್ರಳನ್ನೂ ಕೇಳಿದೆ. "ಎಲ್ಲಾರ್ದೂ ಬದ್ಲಾಯಿಸ್ತೀ‌ರಾ ಅತ್ತೆ?" ಎಂದಳು.

ಬದಲಾಯಿಸಿದ್ದೇನೆ. ಶಿವಣ್ಣ ಶಿವಣ್ಣನಲ್ಲ, ಪವಿತ್ರ ಪವಿತ್ರಳಲ್ಲ, ನಯಾಜ್ ನಯಾಜ್ ಅಲ್ಲ. ಅಳಿಲಂತೂ ಅಲ್ಲಿ ಇರಲೇ ಇಲ್ಲ.

ಹಗ್ಗ ಕೇಳಿದವಳ ಹೆಸರು ಮಾತ್ರ, ಎಂದಿನಂತೆ, ಈ ಅಂಕಣದ ಮೇಲೇ ಇದೆ.